ಕಾಟಮ್ಮನ ಬೆರಳಿಗೆ ಸಿಕ್ಕ ಗಂಟು

ಐಮಂಗಲದ ಬಳಿಯ ಗೊಲ್ಲರಹಟ್ಟಿಯಲ್ಲಿ ಕಾಟಮ್ಮನ ಕೈಗುಣ ಗೊತ್ತಿಲ್ಲದವರಿಲ್ಲ. ದಿನಾ ಬೆಳಿಗ್ಗೆ ಕುರಿ ರೊಪ್ಪಕ್ಕೆ ಹೋಗಿ, ಮರಿ ಹಾಕಿದ ಒಂದೊಂದು ಕುರಿಯ ಕೆಚ್ಚಲನ್ನೂ ಮುಟ್ಟಿ ನೋಡುತ್ತಿದ್ದಳು. ಕಡಲೆಕಾಳಿನಷ್ಟು ಗಂಟಿದ್ದರೂ ಅವಳ ಬೆರಳಿಗೆ ಸಿಗುತ್ತಿತ್ತು.

ಅಂಥ ಕಾಟಮ್ಮ ತನ್ನದೇ ಎದೆಯ ಗಂಟನ್ನು ಮೂರು ತಿಂಗಳು ಸೆರಗಿನ ಮರೆಯಲ್ಲಿ ಬಚ್ಚಿಟ್ಟಿದ್ದಳು! ಗಂಡ ಜುಂಜಣ್ಣನಿಗೂ ಹೇಳಿರಲಿಲ್ಲ. ನಾಚಿಕೆ, ಇನ್ನೇನು.

ಒಂದು ದಿನ ನರ್ಸ್ ಮರುಳಸಿದ್ದಮ್ಮ ಹಟ್ಟಿಗೆ ಬಂದು ರೊಪ್ಪದ ಬೇಲಿ ಪಕ್ಕ ಕುಳಿತಾಗ, ಕಾಟಮ್ಮ ಮೆಲ್ಲಗೆ ಬಾಯಿಬಿಟ್ಟಳು.

“ನರ್ಸಮ್ಮ, ಎದೇಲಿ ಒಂದು ಗಂಟು ಐತೆ. ನೋವೇನಿಲ್ಲ. ಕುರಿಗೆ ಹಾಕ್ದಂಗೆ ಒಂದು ಬರೆ ಹಾಕ್ಸಿದ್ರೆ ಕರಗ್ತೈತೆ ಬಿಡ್ರಿ.”

“ಬರೆ ಗಿರೆ ಬ್ಯಾಡ ತಾಯಿ. ಚರ್ಮ ಸುಡ್ತೈತೆ, ಗಂಟು ಅಲ್ಲೇ ಇರ್ತೈತೆ. ಕುರಿ ಕೆಚ್ಚಲಲ್ಲಿ ಗಂಟು ಸಿಕ್ರೆ, ಅದು ನೋವು ತಡೀಲಾರ್ದೆ ಅರಚೋ ತಂಕ ಕಾಯ್ತೀಯೇನು?”

“ಅಯ್ಯೋ, ಅಷ್ಟ್ರಲ್ಲಿ ಕೆಚ್ಚಲೇ ಕೆಟ್ಟೋಗ್ತೈತೆ!”

“ಮತ್ತೆ ನಿನ್ನ ಜೀವ ಕುರಿಗಿಂತ ಕಡಿಮೇನಾ? ನೋವಿಲ್ದಿದ್ರೂ ಗಂಟು ಬೇಗ ತೋರಿಸ್ಬೇಕು. ಎಲ್ಲಾ ಗಂಟೂ ಕ್ಯಾನ್ಸರ್ ಅಲ್ಲ. ಆದ್ರೆ ಡಾಕ್ಟ್ರು ನೋಡ್ದೆ ಹೇಳಾಕಾಗಲ್ಲ. ಕ್ಯಾನ್ಸರೇ ಆದ್ರೂ ಬೇಗ ಸಿಕ್ರೆ ವಾಸಿ ಮಾಡಬೌದು.”

“ಈಗ ಕುರಿ ಮರಿ ಹಾಕೋ ಕಾಲ. ಇನ್ನೆಲ್ಡು ತಿಂಗ್ಳು ಕಳೀಲಿ.”

ಬೇಲಿಯಾಚೆ ಸೊಪ್ಪು ಕಟ್ಟುತ್ತಿದ್ದ ಜುಂಜಣ್ಣನಿಗೆ ಎಲ್ಲವೂ ಕೇಳಿಸಿತ್ತು. ಅವನು ಬಂದು ಹೆಂಡತಿಯ ಪಕ್ಕದಲ್ಲಿ ಕುಳಿತ.

“ಕುರಿ ನನ್ ತಮ್ಮ ನೋಡ್ಕಂತಾನೆ. ನೀನೇ ಇಲ್ದಿದ್ರೆ ಈ ರೊಪ್ಪ ಯಾರಿಗ್ ಬೇಕೇ? ನಾಳೆ ಮೊದ್ಲ ಬಸ್ಸಿಗೇ ದುರ್ಗದ ದೊಡ್ಡಾಸ್ಪತ್ರೆಗೆ ಹೋಗಾಣ.”

ಕಾಟಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು ತಲೆಯಾಡಿಸಿದಳು.

ದುರ್ಗದ ಡಾಕ್ಟರು ಬೆಂಗಳೂರಿಗೆ ಕಳಿಸಿದರು. ಕ್ಯಾನ್ಸರೇ ಆಗಿತ್ತು, ಆದರೆ ಇನ್ನೂ ಹರಡಿರಲಿಲ್ಲ. ಆಪರೇಷನ್ನಿನಲ್ಲಿ ಒಂದು ಎದೆ ಹೋಯಿತು. ಕಾಟಮ್ಮ ಬಹಳ ಅತ್ತಳು. ಆದರೆ ಬಸ್ಸಿಳಿದು ಗಂಡನ ಜೊತೆ ನಡೆದುಕೊಂಡೇ ಹಟ್ಟಿಗೆ ಬಂದಳು, ಮರಿಗಳು ಕಾಲಿಗೆ ಸುತ್ತಿಕೊಂಡವು.

ಈಗ ಹಟ್ಟಿಯ ಹೆಂಗಸರು ಕುರಿ ತೋರಿಸಲು ಬಂದರೆ ಕಾಟಮ್ಮ ಕೇಳುವುದು ಒಂದೇ: “ಕುರೀದು ಆಮ್ಯಾಕೆ. ನಿಂದು ನೋಡ್ಕಂಡಿಯೇನೆ?”

ಅಕ್ಕತಂಗಿಯರೇ, ನಿಮ್ಮನ್ನೂ ಅದನ್ನೇ ಕೇಳುತ್ತೇವೆ. ತಿಂಗಳಿಗೊಮ್ಮೆ, ಮುಟ್ಟಿನ ದಿನಗಳು ಮುಗಿದ ಮೇಲೆ, ಸ್ನಾನದ ಹೊತ್ತಿನಲ್ಲಿ ಎದೆಯನ್ನೂ ಕಂಕುಳನ್ನೂ ಬೆರಳಿನಿಂದ ಮುಟ್ಟಿ ನೋಡಿಕೊಳ್ಳಿ. ಗಂಟು ಸಿಕ್ಕರೆ, ತೊಟ್ಟಿನಿಂದ ರಕ್ತ ಬಂದರೆ, ಚರ್ಮ ಒಳಕ್ಕೆ ಎಳೆದಂತೆ ಕಂಡರೆ ತಡಮಾಡದೆ ಆಸ್ಪತ್ರೆಗೆ ನಡೆಯಿರಿ. ಅಣ್ಣತಮ್ಮಂದಿರೇ, ಜುಂಜಣ್ಣನ ಹಾಗೆ ನೀವೂ ಜೊತೆಗೆ ಹೋಗಿ. ನಾಚಿಕೆಗೆ ಸೆರಗು ಸಾಕು, ಜೀವ ಕೊಡಬೇಡಿ.