ಓಬವ್ವನ ರೇಷ್ಮೆ

"ಮೊದ್ಲು ಅದನ್ನ ತೆಗೀರಿ," ಎನ್ನುತ್ತ ಗೋವಿಂದಪ್ಪ ತಮ್ಮ ದೊಡ್ಡತಿಮ್ಮಪ್ಪನ ಹೆಣದ ಮೇಲೆ ಹೊದಿಸಿದ್ದ ರೇಷ್ಮೆಗೆ ಕೈಹಾಕಿದ. "ಚೀನಾದೋರ ಬರಹ ಅಂತೆ. ಮಣ್ಣಿಗೋಗೋ ಮೈಮ್ಯಾಲೆ ಇದ್ಯಾಕೆ?"

"ಕನ್ನಡನೇ ಐತೆ ದೊಡ್ಡಪ್ಪ. ಬರೆಯೋ ರೀತಿ ಅಷ್ಟೇ ಅವರದು," ಎಂದಳು ಸತ್ತವನ ಮಗಳು ಸುಷ್ಮಿತಾ.

"ಹಂಗಾರೆ ಓದವ್ವ, ಕೇಳಾಣ."

ಬಿಳಿ ರೇಷ್ಮೆಯ ಮೇಲೆ ಕಪ್ಪು ಮಸಿ ಏರಿ, ಹೊರಳಿ, ಒಣಗಿ ಸೀಳಾಗಿ, ಮತ್ತೆ ದಪ್ಪಗಾಗಿ ಓಡಿತ್ತು. ಸುಷ್ಮಿತಾಗೆ ಒಂದಕ್ಷರವೂ ಬಿಡಿಸಲಾಗಲಿಲ್ಲ. ಗೋಡೆಗೊರಗಿದ್ದ ತಾಯಿ ಓಬವ್ವನ ಕಡೆ ತಿರುಗಿದಳು.

*

ದೊಡ್ಡತಿಮ್ಮಪ್ಪ ಐಮಂಗಲದ ಹೆದ್ದಾರಿ ಬದಿಯಲ್ಲಿ ಲಾರಿಗಳಿಗೆ ಹೆಸರು ಬರೆಯುತ್ತಿದ್ದವನು. ಅಕ್ಷರ ನೆಟ್ಟಗೆ, ಮಾತು ಉಗ್ಗು. ಮದುವೆಯಾದ ಹೊಸದರಲ್ಲಿ ನಲ್ಲಿಯ ಹತ್ತಿರ ಹೆಂಡತಿಯನ್ನು ಕರೆಯಹೋಗಿ "ಓ... ಓ..." ಎಂದು ಸಿಕ್ಕಿಕೊಂಡಾಗ ನೀರಿಗೆ ನಿಂತವರೆಲ್ಲ ನಕ್ಕಿದ್ದರು. ಅಂದಿನಿಂದ ಆಕೆ ಬರೀ "ಇವಳೇ."

ಸ್ಟಿಕ್ಕರ್ ಬಂದು ಕೆಲಸ ಕಡಿಮೆಯಾದ ಮೇಲೆ ಮಗಳು ಒಮ್ಮೆ ಮೊಬೈಲಿನಲ್ಲಿ ಚೀನಾದ ಮುದುಕನೊಬ್ಬನನ್ನು ತೋರಿಸಿದಳು. ಆತ ರೇಷ್ಮೆ ಸುರುಳಿಯ ಮೇಲೆ ಕುಣಿಯುವವನಂತೆ, ಕುಂಚ ಎತ್ತದೆ ಬರೆಯುತ್ತಿದ್ದ. ಅದಕ್ಕೆ ಹುಚ್ಚು ಬರಹ ಅಂತಲೇ ಹೆಸರಂತೆ. ತಿಮ್ಮಪ್ಪ ಅದನ್ನೇ ಮತ್ತೆ ಮತ್ತೆ ಹಾಕಿಸಿಕೊಂಡು ನೋಡಿದ. ಹಳೇ ಪೇಪರುಗಳ ಮೇಲೆ ವರ್ಷಗಟ್ಟಲೆ ಕೈ ಪಳಗಿಸಿದ. ಬೀದಿಯವರು ತಲೆ ಕೆಟ್ಟಿದೆ ಎಂದರು.

ಒಂದು ಮಧ್ಯಾಹ್ನ ಓಬವ್ವ ತನ್ನ ಬಿಳಿ ರೇಷ್ಮೆಯ ಧಾರೆ ಸೀರೆಯಲ್ಲಿ ಹರಿಯದೆ ಉಳಿದ ಭಾಗವನ್ನು ಕತ್ತರಿಸಿ ಹಾಸಿದಳು. "ಇದರ ಮ್ಯಾಲೆ ಬರೀರಿ."

ಅವನು ಉಸಿರೆಳೆದುಕೊಂಡು ಕುಂಚ ಇಟ್ಟ. ಕೈಯ ಬೆನ್ನಿಗೇ ಬಾಯಿಯೂ ಹೊರಟಿತು. "ಓಬವ್ವ." ಕುಂಚ ಓಡಿದಷ್ಟು ಹೊತ್ತೂ ಅದೊಂದೇ ಹೆಸರು, ಎಲ್ಲೂ ತಡೆಯದೆ. ಆಕೆ ಸೆರಗನ್ನು ಬಾಯಿಗೊತ್ತಿಕೊಂಡಳು.

*

"ಇರ್ಲಿ ಬಿಡ್ರಿ ಭಾವ. ಅದು ನನ್ನೆಸ್ರು," ಎಂದಳು ಓಬವ್ವ.

ಗೋವಿಂದಪ್ಪ ಕೈ ಹಿಂದಕ್ಕೆಳೆದುಕೊಂಡ. ಸುಷ್ಮಿತಾ ಅಳುತ್ತ ತಾಯಿಯ ಪಕ್ಕ ಕುಳಿತಳು. "ಹಂಗಾರೆ ಇಟ್ಕಳಾಣವ್ವ. ರೇಷ್ಮೆದು ಅದೊಂದೇ ಐತೆ."

"ನಿಂಗೆ ಪೇಪರಿನವು ಅವೆ. ಇದು ಅವರ ಜೊತೆ ಹೋಗ್ಲಿ. ನಾನು ಹೋದಾಗ ಅಲ್ಲಿ ನನ್ನ ಹೆಸರಿಡಿದು ಕರೀಬೇಕಲ್ಲ."

ಹೊಲದಂಚಿನ ಗುಂಡಿಗೆ ಅವನನ್ನು ರೇಷ್ಮೆಯ ಸಮೇತ ಇಳಿಸಿದರು. ಗಂಡನ ಹೆಸರನ್ನು ಓಬವ್ವ ಜನ್ಮದಲ್ಲಿ ನಾಲಿಗೆಗೆ ತಂದವಳಲ್ಲ. ಮಣ್ಣು ಬೀಳುವ ಮುನ್ನ ಗುಂಡಿಯ ಅಂಚಿಗೆ ಬಂದು ಬಗ್ಗಿ, ಹೊಲದಾಚೆಗೂ ಕೇಳುವಂತೆ ಕರೆದಳು.

"ತಿಮ್ಮಪ್ಪಾ!"

ಹಿರಿಯ ಹೆಂಗಸರು ಬಾಯಿ ಮುಚ್ಚಿಕೊಂಡರು. ಮಣ್ಣು ತುಂಬಿದ ಸಲಿಕೆಗಳು ಎತ್ತಿದಲ್ಲೇ ನಿಂತವು.