ಗಾಳಿ ಹೋಗುವ ದಾರಿ

ಯಾವುದನ್ನಾದರೂ ಕೆದಕದೆ ಬಿಟ್ಟರೆ ಸುಗಂಧಿಗೆ ತಿಂದ ಅನ್ನ ಅರಗುವುದಿಲ್ಲ. ಪರದೇಶದ ಸೈಬರ್‌ಜಯಾ ಊರಿನಲ್ಲಿ ಸಾಫ್ಟ್‌ವೇರಿನ ತಪ್ಪು ಹುಡುಕುವುದೇ ಅವಳ ಕೆಲಸ. ಅಂಥವಳು ಸ್ವಂತ ಮನೆಯಲ್ಲೇ ಎಡವಿದಳು, ನೋಡಿ.

ಅಲ್ಲೇ ಹತ್ತಿರದ ನಿಲಾಯ್ ಊರಿನಲ್ಲಿ ಪಾಠ ಹೇಳುವ ಗಂಡ ನಿತ್ಯಾನಂದನಿಗೆ ಕ್ಷಯ ಬಂದಿತ್ತು. ಆಸ್ಪತ್ರೆ ಸೇರಬೇಕಿಲ್ಲ, ದಿನಾ ಕ್ಲಿನಿಕ್ಕಿಗೆ ಬಂದು ನರ್ಸ್ ಎದುರು ಮಾತ್ರೆ ನುಂಗಿದರೆ ಸಾಕು ಎಂದಿದ್ದರು. ಸುಗಂಧಿ ಮೈಸೂರಿನ ಅಜ್ಜಿಯ ಮಡಿಯನ್ನೇ ಮನೆಯೊಳಗೆ ತಂದಳು. ಅವನಿಗೆ ಬೇರೆ ತಟ್ಟೆ, ಬೇರೆ ಲೋಟ, ಎಲ್ಲಕ್ಕೂ ಕುದಿನೀರು. ರೋಗ ಹೊರಗೆ ಬರಬಾರದಲ್ಲ, ಅವನ ಕೋಣೆಯ ಕಿಟಕಿ ಬಾಗಿಲು ಭದ್ರ. ಆರು ವರ್ಷದ ಮಗಳು ಶ್ರೀಯಾಳಿಗೆ ತಗುಲಿದರೆ ಗತಿಯೇನು ಎಂಬ ಭಯದಲ್ಲಿ ಸುಗಂಧಿಗೆ ನಿದ್ದೆಯೇ ಹತ್ತುತ್ತಿರಲಿಲ್ಲ.

ಉಡುಪಿ ಕಡೆಯ ಡಾಕ್ಟರ್ ಶ್ರೀಪತಿ ಗಂಡ ಹೆಂಡತಿ ಇಬ್ಬರಿಗೂ ಸ್ನೇಹಿತರು. ಫೋನಿನಲ್ಲಿ ಇದನ್ನೆಲ್ಲ ಕೇಳಿ ನಕ್ಕರು.

"ಲೋಟದಿಂದ ಎಂಥದೂ ಆಗುದಿಲ್ಲ ಮಾರಾಯ್ರೆ, ಗಾಳಿಯಿಂದ ಆಗುದು. ಅವನ ಕೋಣೆಯ ಗಾಳಿ ಎಲ್ಲಿಗೆ ಹೋಗ್ತದೆ, ಅದನ್ನು ನೋಡಿ."

ಎಲ್ಲಿಗೆ ಹೋಗುತ್ತದೆ? ತಲೆಗೆ ಹುಳ ಬಿಟ್ಟಂತಾಯಿತು. ಮರುದಿನ ಗಂಡ ಕ್ಲಿನಿಕ್ಕಿಗೆ, ಮಗಳು ಶಾಲೆಗೆ ಹೋದ ಮೇಲೆ ಅವನ ಕೋಣೆಯಲ್ಲಿ ಊದುಬತ್ತಿ ಹಚ್ಚಿ ಬಾಗಿಲು ಹಾಕಿಕೊಂಡು ಕೂತಳು. ಹೊಗೆ ನೆಟ್ಟಗೆ ಎದ್ದು, ಬಾಗಿ, ಬಾಗಿಲ ಸಂದಿಯಲ್ಲಿ ನುಸುಳಿತು. ಇವಳು ಬತ್ತಿ ಹಿಡಿದು ಹಿಂದೆಯೇ ಹೊರಟಳು. ಪ್ಯಾಸೇಜು ದಾಟಿ ಹೊಗೆ ಶ್ರೀಯಾಳ ಕೋಣೆಗೆ ತಿರುಗಿ, ಅವಳ ದಿಂಬಿನ ಮೇಲೆ ಹಾದು, ಆ ಕೋಣೆಯ ಬಚ್ಚಲಿನ ಎಕ್ಸಾಸ್ಟ್ ಫ್ಯಾನಿನೊಳಗೆ ಹೋಯಿತು. ಮಗುವಿನ ಗಾಳಿ ಶುದ್ಧವಾಗಿರಲೆಂದು ಹಗಲಿರುಳು ಆ ಫ್ಯಾನು ಓಡಿಸಿದ್ದವಳು ಅವಳೇ.

ಸುಗಂಧಿ ಮಂಚದ ಅಂಚಿಗೆ ಕುಸಿದು ಅತ್ತುಬಿಟ್ಟಳು. ಆಮೇಲೆ ಎದ್ದು ಆ ಫ್ಯಾನು ಆರಿಸಿದಳು, ಗಂಡನ ಕಿಟಕಿಗಳನ್ನೆಲ್ಲ ತೆರೆದಳು, ಟೇಬಲ್ ಫ್ಯಾನನ್ನು ಕಿಟಕಿಯತ್ತ ಮುಖ ಮಾಡಿಟ್ಟಳು. ಈಗ ಹೊಗೆ ನೇರ ಹೊರಗೆ ಹೋಯಿತು.

ಶ್ರೀಯಾಳನ್ನು ಪರೀಕ್ಷಿಸಿದರು. ರೋಗವಿರಲಿಲ್ಲ, ಮುಂಜಾಗ್ರತೆಗೆ ಮಾತ್ರೆ ಕೊಟ್ಟರು. ಆ ಸಂಜೆ ಮೂವರೂ ಮನೆಯ ಮುಂದಿನ ಬಯಲಿನಲ್ಲಿ ದೂರ ದೂರ ಕುರ್ಚಿ ಹಾಕಿ ಉಂಡರು. ನಿತ್ಯಾನಂದ ಬಹಳ ದಿನಗಳ ನಂತರ ಎರಡನೆಯ ಸಲ ಸಾರು ಕೇಳಿದ.

"ಅಮ್ಮಾ, ವೈ ಡಿಡ್ ಯೂ ಕ್ಲೋಸ್ ಅಪ್ಪಾಸ್ ವಿಂಡೋ?" ಎಂದಳು ಶ್ರೀಯಾ.

"ನಿನ್ನನ್ನ ಕಾಪಾಡ್ತಿದೀನಿ ಅಂದ್ಕೊಂಡಿದ್ದೆ ಕಣೇ," ಎಂದಳು ಸುಗಂಧಿ.