ಎಡಭುಜ

ಉದಯಕುಮಾರ್ ಸಾರ್ ನಮ್ಮ ಮನೆಗೆ ಬಂದದ್ದು ಒಂದು ಬುಟ್ಟಿ ಸೇಬು ಹಿಡಿದುಕೊಂಡು. ಲಗ್ಗೆರೆಯ ನಮ್ಮ ಬೀದಿಯಲ್ಲಿ ಸೇಬು ಹಿಡಿದು ಬರುವವರು ಎರಡೇ ಬಗೆ. ಕಾಯಿಲೆಯವರನ್ನು ನೋಡಲು ಬರುವವರು, ಇಲ್ಲವೇ ಹೆಣ್ಣು ನೋಡಲು ಬರುವವರು. ಎದುರು ಮನೆಯ ಶಿವಕ್ಕ ಇದು ಎರಡನೆಯದೇ ಎಂದು ತೀರ್ಮಾನಿಸಿ, ಕಾಫಿಪುಡಿ ಕೇಳುವ ನೆಪದಲ್ಲಿ ಒಳಗೆ ಬಂದು ಕೂತೇಬಿಟ್ಟಳು. ಅವಳದೇನೂ ಪೂರ್ತಿ ತಪ್ಪಲ್ಲ. ಸಾರ್ ನನ್ನ ಮಣಿಕಟ್ಟು ನೋಡಿದರು, ಕತ್ತು ನೋಡಿದರು, ತೂಕ ಎಷ್ಟು ಎಂದು ಕೇಳಿದರು. ಹೆಣ್ಣು ನೋಡಲು ಬಂದವರು ಇಷ್ಟು ನೋಡುವುದಿಲ್ಲ.

ಅವರು ವಿಜಯನಗರದ ಒಂದು ಕಾಲೇಜಿನಲ್ಲಿ ಪಿ.ಡಿ., ಅಂದರೆ ಆಟೋಟದ ಮೇಷ್ಟ್ರು. ನಾನು ಆಗಷ್ಟೇ ಪಿಯುಸಿ ಮುಗಿಸಿದ್ದೆ. ರಾಜ್ಯ ಮಟ್ಟದ ಕುಸ್ತಿಯಲ್ಲಿ ಐವತ್ತಮೂರು ಕೇಜಿ ತೂಕದಲ್ಲಿ ಬೆಳ್ಳಿ ಗೆದ್ದಿದ್ದೆ. ಕ್ರೀಡಾ ಕೋಟಾದಲ್ಲಿ ನನಗೆ ಡಿಗ್ರಿ ಸೀಟು ಕೊಡಲು ಬಂದಿದ್ದರು.

"ಫೀಸ್ ಇಲ್ಲಮ್ಮ, ಹೊಸ ಮ್ಯಾಟ್ ಇದೆ, ಜಿಮ್ ಇದೆ. ದಿನಾ ಮೊಟ್ಟೆ ನಾವೇ ಕೊಡ್ತೀವಿ," ಎಂದರು.

ಅಮ್ಮ ಹಣೆಯ ವಿಭೂತಿ ಸರಿಮಾಡಿಕೊಂಡು, "ಮೊಟ್ಟೆ ಬೇಡ ಸಾರ್, ಬಾದಾಮಿ ಹಾಲು ಕೊಡಿ," ಎಂದಳು. ಸಾರ್ ಕೂಡಲೇ ಒಪ್ಪಿದರು. ಏನು ಕೇಳಿದರೂ ಒಪ್ಪುವವರನ್ನು ಕಂಡರೆ ಅನುಮಾನ ಬರಬೇಕು. ನನಗೆ ಬರಲಿಲ್ಲ.

ಅದೇ ವಾರ ಕೆಂಗೇರಿಯ ಇನ್ನೊಂದು ಕಾಲೇಜಿನಿಂದ ಹೊನ್ನವ್ವ ಮೇಡಂ ಬಂದರು. ಬರಿಗೈಯಲ್ಲಿ. ಗದಗದ ಕಡೆಯವರು, ತಾವೂ ಕುಸ್ತಿ ಆಡಿದವರು. ಉಜ್ಜಿ ಉಜ್ಜಿ ಒಂದು ಕಿವಿ ಮುರುಟಿಹೋಗಿತ್ತು. ಕುರ್ಚಿ ಕೊಟ್ಟರೂ ಚಾಪೆಯ ಮೇಲೆ ಕೂತರು.

"ನಮ್ಮಲ್ಲಿ ಮ್ಯಾಟ್ ಹರದೈತಿ ತಂಗಿ, ಸುಳ್ಳು ಯಾಕ ಹೇಳ್ಲಿ. ಹಾಸ್ಟೆಲ್ ಊಟಾನೂ ಅಷ್ಟಕ್ಕಷ್ಟ. ಆದ್ರ ಐವತ್ತಮೂರು ಕೇಜಿಯೊಳಗ ನಮ್ಮಲ್ಲಿ ಯಾರೂ ಇಲ್ಲ. ಇಳಿಯಾಕಿ ನೀನ. ಸೀಟು ಎಲ್ಲಾರೂ ಕೊಡ್ತಾರ. ಕುಸ್ತಿ ಯಾರು ಕೊಡ್ತಾರ ಅಷ್ಟು ನೋಡ್ಕೊ."

ಆ ಮಾತಿನಲ್ಲಿ ಎಲ್ಲವೂ ಇತ್ತು. ಅಂತರ ಕಾಲೇಜು ಕುಸ್ತಿಗೆ ಒಂದು ತೂಕದಲ್ಲಿ ಒಂದು ಕಾಲೇಜು ಒಬ್ಬಳನ್ನಷ್ಟೇ ಕಳಿಸಬಹುದು. ಅಲ್ಲಿ ಗೆದ್ದವಳು ವಿಶ್ವವಿದ್ಯಾಲಯದ ತಂಡಕ್ಕೆ. ಆ ತಂಡದಲ್ಲಿ ಪದಕ ತಂದವಳಿಗೆ ಪೊಲೀಸ್ ಇಲಾಖೆಯಲ್ಲೋ ರೈಲ್ವೆಯಲ್ಲೋ ಒಂದು ಬಾಗಿಲು ತೆರೆಯುತ್ತದೆ. ನನ್ನಪ್ಪ ಗಂಗಾಧರಯ್ಯ ಪೀಣ್ಯದಲ್ಲಿ ಲೇತ್ ಮಷೀನಿನ ಮುಂದೆ ನಿಂತು ನಿಂತೇ ಕಾಲಿನ ನರ ಉಬ್ಬಿಸಿಕೊಂಡಿದ್ದ. ನನಗೆ ಆ ಬಾಗಿಲು ಬೇಕೇಬೇಕಿತ್ತು.

ಮನಸ್ಸು ಕೆಂಗೇರಿ ಎಂದಿತು. ಆದರೆ ತೀರ್ಮಾನ ನಮ್ಮದಲ್ಲ, ನನಗೆ ಕುಸ್ತಿ ಕಲಿಸಿದ ಮರಿಯಪ್ಪ ತಾತನದು.

ಹೊಸಹಳ್ಳಿ ನಿಜಕ್ಕೂ ಹಳ್ಳಿಯಾಗಿದ್ದಾಗ ಮರಿಯಪ್ಪ ತಾತನ ಮನೆಯವರು ಅಲ್ಲಿ ರಾಗಿ ಬೆಳೆಯುತ್ತಿದ್ದರಂತೆ. ಹೊಲವೆಲ್ಲ ಸೈಟಾಗಿ, ಸೈಟೆಲ್ಲ ಮೂರು ಅಂತಸ್ತಿನ ಬಾಡಿಗೆ ಮನೆಗಳಾದರೂ ತಾತ ಗರಡಿಯೊಂದನ್ನು ಮಾತ್ರ ಮಾರಲಿಲ್ಲ. ಕೆಮ್ಮಣ್ಣಿಗೆ ಮಜ್ಜಿಗೆ, ಅರಿಶಿನ, ಎಳ್ಳೆಣ್ಣೆ ಬೆರೆಸಿ ಹದಮಾಡಿದ ಮಣ್ಣು, ಗೋಡೆಯಲ್ಲಿ ಹನುಮಂತ. ಅಪ್ಪ ನನ್ನನ್ನು ಅಲ್ಲಿಗೆ ಕರೆದುಕೊಂಡು ಹೋದಾಗ ನಾನಿನ್ನೂ ಮೂರನೇ ಕ್ಲಾಸು. ಹುಡುಗಿಯರನ್ನು ಮಣ್ಣಿಗೆ ಇಳಿಸುವುದಿಲ್ಲ ಎನ್ನುತ್ತಿದ್ದ ತಾತ ಆ ವರ್ಷವಷ್ಟೇ ತನ್ನ ಮೊಮ್ಮಗಳು ಮಾನಸಳನ್ನು ಇಳಿಸಿದ್ದ. ಅವಳಿಗೆ ಜೊತೆಗೆ ಒಬ್ಬಳು ಬೇಕಿತ್ತು. ನಾನು ಸಿಕ್ಕಿದೆ. ನಾನು ಅಲ್ಲಿ ಯಾಕೆ ಇದ್ದೇನೆ ಎನ್ನುವುದು ನನಗೆ ಅಂದೇ ಅರ್ಥವಾಗಬೇಕಿತ್ತು, ಆದರೆ ಎಂಟು ವರ್ಷದ ಮಗುವಿಗೆ ಎಲ್ಲಿಂದ ಬರಬೇಕು ಅಷ್ಟು ಬುದ್ಧಿ.

ಆ ಗರಡಿಗೆ ಎರಡು ಕಟ್ಟಳೆ. ಒಂದೇ ಮಣ್ಣಿನಲ್ಲಿ ಹೊರಳಿದವರು ನಾಲ್ಕು ಜನರೆದುರು ಸೋಲುಗೆಲುವಿಗಾಗಿ ಒಬ್ಬರ ಮೇಲೊಬ್ಬರು ಕೈ ಮಾಡಬಾರದು. ಮತ್ತೆ, ಗರಡಿಯಲ್ಲಿ ಆದ ಗಾಯದ ಸುದ್ದಿ ಗರಡಿಯ ಹೊಸ್ತಿಲು ದಾಟಬಾರದು. ಎದುರಾಳಿಗೆ ತಿಳಿದರೆ ಅಲ್ಲಿಗೇ ಕೈ ಹಾಕುತ್ತಾನೆ.

ಈ ಎರಡನೆಯದನ್ನು ನಾನು ಮೈಯಲ್ಲೇ ಕಲಿತಿದ್ದೆ. ಹತ್ತನೇ ಕ್ಲಾಸಿನಲ್ಲಿದ್ದಾಗ, ಮಾನಸ ತುಮಕೂರಿಗೆ ಮದುವೆಗೆ ಹೋಗಿದ್ದ ದಿನ, ಒಬ್ಬಳೇ ಹಗ್ಗ ಹತ್ತುತ್ತಿದ್ದವಳು ಬಲಗೈ ಜಾರಿ ಎಡಗೈಯಲ್ಲೇ ನೇತಾಡಿದೆ. ಎಡಭುಜ ಗೂಡಿನಿಂದ ಕಳಚಿಕೊಂಡಿತು. ತಾತ ಓಡಿಬಂದು ನನ್ನನ್ನು ಮಣ್ಣಿನ ಮೇಲೆ ಮಲಗಿಸಿದ. "ಉಸಿರು ಬಿಡು ಮಗಳೇ," ಎಂದ. ಬಿಟ್ಟೆ. ಒಳಗೆ ಏನೋ ಕೂತ ಹಾಗೆ ಸದ್ದಾಯಿತು. ಬಿಸಿ ಎಣ್ಣೆ ಹಚ್ಚುತ್ತಾ ತಾತ ಹೇಳಿದ: "ಈ ಭುಜ ಇನ್ಮೇಲೆ ಹಿಂದಕ್ಕೆ ತಿರುಚಿದ್ರೆ ನಿಲ್ಲಲ್ಲ. ಇದು ನಿಂಗೆ, ನಂಗೆ, ಈ ಮಣ್ಣಿಗೆ ಬಿಟ್ರೆ ಯಾರಿಗೂ ಗೊತ್ತಾಗ್ಬಾರ್ದು. ಮನೇಲೂ ಹೇಳ್ಬೇಡ." ಮನೆಯಲ್ಲಿ ಅಮ್ಮನಿಗೆ ಮೈಕೈ ನೋವು, ಜ್ವರದ ಹಾಗಿದೆ ಎಂದೆ. ಹೆತ್ತವಳಿಗೆ ಸುಳ್ಳು ಹೇಳಿದೆ, ತಾತನ ಮಾತು ಉಳಿಸಿದೆ. ಅವತ್ತು ಅದು ನನಗೆ ಹೆಮ್ಮೆಯ ವಿಷಯವಾಗಿತ್ತು.

ಇಂಥ ತಾತನ ಮುಂದೆ ಅಪ್ಪನೂ ನಾನೂ ಎರಡು ಕಾಲೇಜಿನ ಮಾತು ಇಟ್ಟೆವು. ತಾತ ಎಲೆಯಡಿಕೆ ಮಡಚಿ ಬಾಯಿಗಿಟ್ಟುಕೊಂಡು ನಿಧಾನವಾಗಿ ಹೇಳಿದ:

"ಕೆಂಗೇರಿಗೆ ಹೋದ್ರೆ ಇನ್ನೊಬ್ಬರ ಕೈಕೆಳಗೆ ಹೋಗ್ತೀಯ. ನಾಳೆ ಒಂದಲ್ಲ ಒಂದು ದಿನ ಮಾನಸ ಎದುರಿಗೇ ನಿಲ್ಬೇಕಾಗುತ್ತೆ. ಒಂದೇ ಮಣ್ಣಿನ ಮಕ್ಕಳು ನೀವು, ಬೇಕಾ ಅದು? ಇಬ್ರೂ ವಿಜಯನಗರಕ್ಕೇ ಸೇರ್ಕೊಳ್ಳಿ. ಅವಳು ಐವತ್ತೇಳು, ನೀನು ಐವತ್ತಮೂರು. ಎರಡು ಮೆಡಲ್ ನಮ್ಮ ಗರಡಿಗೆ ತಂದುಬಿಡಿ."

ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗಿತ್ತು. ಅಪ್ಪ ತಾತನ ಕಾಲು ಮುಟ್ಟಿದ. ಹೊನ್ನವ್ವ ಮೇಡಂಗೆ ನಾನೇ ಫೋನ್ ಮಾಡಿ ಬರುವುದಿಲ್ಲ ಎಂದೆ. "ಆತು ತಂಗಿ, ಛಲೋ ಆಗ್ಲಿ," ಎಂದಷ್ಟೇ ಹೇಳಿದರು.

ಕಾಲೇಜು ಶುರುವಾದ ಮೇಲೆ ಮೊದಮೊದಲು ಎಲ್ಲವೂ ಚೆನ್ನಾಗಿತ್ತು. ಮ್ಯಾಟ್ ನಿಜಕ್ಕೂ ಹೊಸದು. ಬಾದಾಮಿ ಹಾಲಿನಲ್ಲಿ ಬಾದಾಮಿ ಹುಡುಕಬೇಕಿತ್ತು, ಇರಲಿ. ದಿನಾ ಸಂಜೆ ನಾನೂ ಮಾನಸಳೂ ಒಬ್ಬರನ್ನೊಬ್ಬರು ಎತ್ತಿ ಹಾಕುತ್ತಿದ್ದೆವು. ಹತ್ತು ಸಲ ಹಿಡಿದರೆ ಏಳೆಂಟು ಸಲ ನಾನೇ ಮೇಲೆ. ಅವಳಿಗೆ ಅದರ ಬೇಸರವೂ ಇರಲಿಲ್ಲ, ನಾವು ಹಾಗೇ ಬೆಳೆದವರು.

ಒಂದು ದಿನ ಕ್ಯಾಂಟೀನಿನಲ್ಲಿ ಮಸಾಲೆ ದೋಸೆ ತರಿಸಿದೆ. ಮಾನಸ ತಟ್ಟೆಯನ್ನು ನನ್ನ ಕಡೆಗೇ ತಳ್ಳಿದಳು.

"ಬೇಡ ಕಣೇ. ನೋಡಿದ್ರೇ ಅಳು ಬರುತ್ತೆ. ಯುಗಾದಿ ಒಬ್ಬಟ್ಟೂ ತಿನ್ನಕ್ಕೆ ಬಿಡ್ಲಿಲ್ಲ ನಮ್ಮ ತಾತ. ಐವತ್ತಮೂರಕ್ಕೆ ಇಳೀಲೇಬೇಕು ಅಂತ ಅವಾಗಿಂದ ಪ್ರಾಣ ತಿಂತಾ ಇದಾರೆ."

"ಐವತ್ತಮೂರಕ್ಕಾ?"

"ಹೂಂ. ಐವತ್ತೇಳರಲ್ಲಿ ಆ ಯಲಹಂಕದ ಹುಡುಗಿ ಇದಾಳಲ್ಲ, ಅವಳ ಮುಂದೆ ನಾನು ನಿಲ್ಲಲ್ವಂತೆ." ಅಷ್ಟು ಹೇಳಿ ನನ್ನ ಮುಖ ನೋಡಿದಳು. "ಯಾಕೆ, ನಿಂಗೆ ತಾತ ಹೇಳಿಲ್ವಾ? ನೀನು ಐವತ್ತಕ್ಕೆ ಇಳೀತೀಯ ಅಂದಿದ್ರು."

ಯುಗಾದಿ ಬಂದದ್ದು ಬೇಸಿಗೆಯ ಶುರುವಿನಲ್ಲಿ. ತಾತ ನಮಗೆ ಮಾತು ಕೊಟ್ಟದ್ದು ಬೇಸಿಗೆ ಕಳೆದ ಮೇಲೆ. ಅಂದರೆ ಎಲೆಯಡಿಕೆ ಮಡಚುತ್ತಾ ನನ್ನ ಮುಖ ನೋಡಿ "ನೀನು ಐವತ್ತಮೂರು" ಎಂದಾಗಲೇ ಅವನ ಮನೆಯಲ್ಲಿ ಮೊಮ್ಮಗಳು ಆ ತೂಕಕ್ಕಾಗಿ ಉಪವಾಸ ಮಾಡುತ್ತಿದ್ದಳು. ನಾನು ಕೆಂಗೇರಿಗೆ ಹೋಗಿದ್ದರೆ ಅದೇ ತೂಕದಲ್ಲಿ ಮಾನಸಳನ್ನು ಮಣ್ಣು ಮುಕ್ಕಿಸುತ್ತಿದ್ದೆ. ಅದಕ್ಕೇ ನನ್ನನ್ನು ಕರೆತಂದು ಅದೇ ಕಾಲೇಜಿನಲ್ಲಿ ಕಟ್ಟಿಹಾಕಿದ್ದ. ಹಗ್ಗದ ಖರ್ಚೂ ಇಲ್ಲ. ನಮ್ಮದೇ ಕಟ್ಟಳೆ ಸಾಕಾಯಿತು. ಇನ್ನು ಐವತ್ತಕ್ಕೆ ಇಳಿಯುವುದೆಂದರೆ ನನ್ನ ಮೈಯಲ್ಲಿ ಕಳೆಯಲು ಮೂಳೆಯೊಂದೇ ಬಾಕಿ ಇದ್ದದ್ದು.

ನೇರ ಗರಡಿಗೆ ಹೋದೆ. ತಾತ ಮಣ್ಣು ಕೆದಕುತ್ತಿದ್ದ.

"ಐವತ್ತಮೂರಕ್ಕೆ ಯಾರು ತಾತ?" ಎಂದು ಕೇಳಿದೆ.

ಅವನು ಗುದ್ದಲಿ ನಿಲ್ಲಿಸಲಿಲ್ಲ. "ಮುಂದಿನ ವರ್ಷ ನೀನೇ ಹೋಗು. ಈ ವರ್ಷ ಅವಳು ಹೋಗ್ಲಿ. ಅವಳಿಗೂ ವಯಸ್ಸಾಗ್ತಿದೆ, ಏನಾದ್ರೂ ಒಂದು ಆಗ್ಬೇಕಲ್ಲ."

"ಮಾನಸಂಗೂ ನಂಗೂ ಒಂದೇ ವಯಸ್ಸು. ಟ್ರಯಲ್ ಇಡಿಸಿ. ಗೆದ್ದೋರು ಹೋಗ್ಲಿ."

ಆಗ ತಲೆ ಎತ್ತಿದ. "ಒಂದೇ ಮಣ್ಣಿನವರು ಕುಸ್ತಿ ಹಿಡಿಯಲ್ಲ. ಹನುಮಪ್ಪನ ಮುಂದೆ ನಿಂತು ಈ ಮಾತು ಆಡ್ತೀಯಲ್ಲ, ನಾಲಿಗೆ ಹೇಗೆ ಬರುತ್ತೆ?"

"ಸುಳ್ಳು ಹೇಳಕ್ಕೆ ನಿಮಗೆ ಬಂತಲ್ಲ ತಾತ, ಹಾಗೇ."

ಆ ಗರಡಿಯಲ್ಲಿ ಅವನಿಗೆ ಯಾರೂ ಹಾಗೆ ಮಾತಾಡಿರಲಿಲ್ಲ. ಮೆಟ್ರೋ ಕಂಬಗಳ ಕೆಳಗೆ ಅಳುತ್ತಾ ನಡೆದೆ. ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರ ಹತ್ತಿರ ಹೇಳಿಕೊಳ್ಳುವುದು? ಅಪ್ಪನ ಹತ್ತಿರ ಹೇಳಿದೆ. ಅವನು ತಲೆ ತಗ್ಗಿಸಿ, "ಗುರು ಕಣಮ್ಮ ಅವರು," ಎಂದ. ಅಮ್ಮ ಮಾತ್ರ ಲಟ್ಟಣಿಗೆ ಕೆಳಗಿಟ್ಟು, "ಗುರು ಆದ್ರೆ ಏನಂತೆ? ಹೋಗಿ ಆ ಸಾರ್‌ನೇ ಟ್ರಯಲ್ ಕೇಳು, ನೋಡಕ್ಕೆ ನಾನೂ ಬರ್ತೀನಿ," ಎಂದಳು.

ಉದಯಕುಮಾರ್ ಸಾರ್ ಮೊದಲು ಜಾರಿಕೊಳ್ಳಲು ನೋಡಿದರು. ಎಲ್ಲ ಹುಡುಗಿಯರ ಮುಂದೆಯೇ ಕೇಳಿದೆ. ಒಂದು ತೂಕಕ್ಕೆ ಇಬ್ಬರು ನಿಂತರೆ ಟ್ರಯಲ್ ಇಡಲೇಬೇಕು, ಅದು ಅವರೇ ನೋಟಿಸ್ ಬೋರ್ಡಿಗೆ ಹಾಕಿದ್ದ ನಿಯಮ. ಒಪ್ಪದೆ ಬೇರೆ ದಾರಿ ಇರಲಿಲ್ಲ.

ಶನಿವಾರ ಬೆಳಗ್ಗೆ ಟ್ರಯಲ್. ಅಮ್ಮ ಹೇಳಿದಂತೆಯೇ ಬಂದಳು. ಮಗಳ ಕುಸ್ತಿಯನ್ನು ಅವಳು ಕಣ್ಣಾರೆ ನೋಡಿದ್ದು ಅದೇ ಮೊದಲು. ತಾತನೂ ಬಂದ. ಬಿಳಿ ಪಂಚೆ, ಭುಜದ ಮೇಲೆ ಟವೆಲ್. ಅಭ್ಯಾಸಬಲ, ಕಾಲು ಮುಟ್ಟಲು ಹೋದೆ. ಅವನು ಕಾಲು ಹಿಂದೆಳೆದುಕೊಂಡು, "ನೀನು ಮಣ್ಣು ಬಿಟ್ಟೋಳು," ಎಂದ. ಹೋಗಿ ಕುರ್ಚಿಯಲ್ಲಿ ಕೂತ.

ಸೀಟಿ ಊದಿದರು. ಮಾನಸ ತೂಕ ಇಳಿಸಿದ ಸುಸ್ತಿನಲ್ಲಿದ್ದಳು, ಕಣ್ಣು ಒಳಗೆ ಹೋಗಿತ್ತು. ಪಾಪ ಅನ್ನಿಸಿತು, ಆದರೂ ಬಿಡಲಿಲ್ಲ. ಕಾಲಿಗೆ ಕೈ ಹಾಕಿ ಕೆಡವಿದೆ. ಎದ್ದಳು, ಮತ್ತೆ ಕೆಡವಿದೆ. ಅಂಕ ಏರುತ್ತಿತ್ತು. ಅಮ್ಮ ಬಾಯಿಗೆ ಸೆರಗು ಹಿಡಿದುಕೊಂಡಿದ್ದಳು. ಇನ್ನೊಂದು ಪಟ್ಟು ಬಿದ್ದರೆ ಮುಗಿಯಿತು, ಐವತ್ತಮೂರು ನನ್ನದು.

ಆಗ ತಾತ ಕುರ್ಚಿಯಿಂದೆದ್ದು ಕೂಗಿದ.

"ಎಡಭುಜ, ಮಾನಸ! ಎಡಭುಜ ಹಿಂದಕ್ಕೆ ತಿರುಚು! ಅದು ನಿಲ್ಲಲ್ಲ!"

ಒಂದು ಗಳಿಗೆ ಮಾನಸಳ ಕೈ ಸಡಿಲವಾಯಿತು. ಅವಳಿಗೂ ಅದು ಹೊಸ ಸುದ್ದಿ. ನನ್ನ ಕಣ್ಣನ್ನೇ ನೋಡಿದಳು. ಬೇಡ ಕಣೇ ಎಂದು ನಾನು ಬಾಯಿಬಿಟ್ಟು ಹೇಳಲಿಲ್ಲ, ಆದರೆ ಅವಳಿಗೆ ಅದು ಕೇಳಿಸಿತು, ನನಗೆ ಗೊತ್ತು. ಆಮೇಲೆ ನನ್ನ ಎಡಗೈ ಹಿಡಿದು, ತಾತ ಹೇಳಿದ ಹಾಗೇ ತಿರುಚಿದಳು.

ಬೆನ್ನು ಮ್ಯಾಟಿಗೆ ತಾಗಿದ್ದು ಗೊತ್ತಾಗಲಿಲ್ಲ. ಭುಜ ಕಳಚಿದ್ದು ಗೊತ್ತಾಯಿತು. ಮಾನಸ ಪಕ್ಕದಲ್ಲಿ ಕೂತು ಅಳತೊಡಗಿದಳು. ಉದಯಕುಮಾರ್ ಸಾರ್ ನೀರು, ಐಸ್ ಎಂದು ಸುಮ್ಮನೆ ಓಡಾಡುತ್ತಿದ್ದರು. ಅಲ್ಲಿ ಆ ಭುಜವನ್ನು ಮತ್ತೆ ಕೂರಿಸಬಲ್ಲವನು ಒಬ್ಬನೇ ಇದ್ದ. ಅವನು ಬಂದು ನನ್ನ ಪಕ್ಕ ಮಂಡಿಯೂರಿದ. ಕೈ ಮುಂದೆ ಚಾಚಿದ. ಅದೇ ಮೆತ್ತನೆಯ ದನಿ.

"ಉಸಿರು ಬಿಡು ಮಗಳೇ."

"ಮುಟ್ಟಬೇಡಿ ಮರಿಯಪ್ಪನವರೇ," ಎಂದೆ.

ಗರಡಿಗೆ ಕಾಲಿಟ್ಟಾಗಿನಿಂದ ನಾನು ಅವನ ಹೆಸರು ಹಿಡಿದು ಕರೆದದ್ದಿಲ್ಲ. ಚಾಚಿದ ಕೈ ಹಾಗೇ ನಿಂತಿತು. ಹೊಡೆದಿದ್ದರೂ ಅಷ್ಟು ನೋಯುತ್ತಿರಲಿಲ್ಲವೇನೋ ಅವನಿಗೆ. ನೋಯಲಿ ಎಂದುಕೊಂಡೆ.

ರಾಜಾಜಿನಗರದ ಆಸ್ಪತ್ರೆಗೆ ಆಟೋದಲ್ಲಿ ಹೋಗುವಾಗ ಅಮ್ಮ ಕೇಳಿದಳು: "ಅದು ನಿಲ್ಲಲ್ಲ ಅಂದ್ರಲ್ಲ ಅವರು. ಮುಂಚೆ ಯಾವಾಗ ಆಗಿತ್ತೇ ಇದು?" ಹೇಳಿದೆ. ಅವಳು ಬೈಯಲಿಲ್ಲ. "ಅವರಿಗೆ ಗೊತ್ತಿತ್ತು, ನಂಗೆ ಗೊತ್ತಿರಲಿಲ್ಲ," ಎಂದಳು, ಅಷ್ಟೇ. ನೋವಿಗೆ ಅಳದವಳು ಆ ಮಾತಿಗೆ ಅತ್ತೆ.

ಕೆಲವು ದಿನ ಕಳೆದ ಮೇಲೆ ಹೊನ್ನವ್ವ ಮೇಡಂ ಫೋನ್ ಮಾಡಿದರು.

"ಭುಜ ತಪ್ಪೇತಂತ, ಸುದ್ದಿ ಬಂತು. ನಮ್ಮಲ್ಲಿ ಜಾಗ ಇನ್ನೂ ಐತಿ ತಂಗಿ. ಕಾಲೇಜು ಬದಲಿ ಮಾಡಿದ್ರ ಒಂದು ವರ್ಷ ಆಡಾಕ ಬಿಡೂದಿಲ್ಲ, ಖರೆ ಹೇಳ್ತೀನಿ. ಆ ವರ್ಷದಾಗ ಭುಜ ಗಟ್ಟಿ ಮಾಡೂಣು. ಬರ್ತಿಯೇನು?"

ಬರುತ್ತೇನೆ ಎಂದೆ. ಸೇಬು ತಾರದೆ, ಸುಳ್ಳು ಹೇಳದೆ, ನಾನು ಬೇಡವೆಂದರೂ ಕಾದಿದ್ದ ಹೆಂಗಸು. ಅವರನ್ನು ನಂಬದೆ ಇನ್ಯಾರನ್ನು ನಂಬಬೇಕು?

"ಯಾವ ಭುಜ ತಂಗಿ?" ಎಂದು ಕೇಳಿದರು.

"ಬಲಗಡೇದು ಮೇಡಂ," ಎಂದೆ.

ಪಕ್ಕದಲ್ಲಿ ಹೂ ಕಟ್ಟುತ್ತಿದ್ದ ಅಮ್ಮ, ಕುತ್ತಿಗೆಗೆ ಪಟ್ಟಿ ಹಾಕಿ ಕಟ್ಟಿದ್ದ ನನ್ನ ಎಡಗೈಯನ್ನು ನೋಡಿದಳು. ಆಮೇಲೆ ದಾರಕ್ಕೆ ಇನ್ನೊಂದು ಹೂ ಸೇರಿಸಿದಳು.